ನೀರು ಹಾಕದ ಬಟ್ಟಲು

ನಮ್ಮ ಶಾಲೆಯ ಲ್ಯಾಬಿನಲ್ಲಿ ಒಣ ಬಟ್ಟೆಯಿಂದ ಧೂಳು ಹೊಡೆಯುವಂತಿಲ್ಲ. ಈ ಕಾನೂನು ಮಾಡಿದವಳು ನಾನೇ. ಒಣ ಬಟ್ಟೆ ಝಾಡಿಸಿದರೆ ಧೂಳು ಎದ್ದು ಕೋಣೆಯೆಲ್ಲ ಸುತ್ತಾಡಿ ಕೊನೆಗೆ ಸೂಕ್ಷ್ಮದರ್ಶಕದ ಮೇಲೆಯೇ ಬಂದು ಕೂರುತ್ತದೆ. ನಮ್ಮಲ್ಲಿರುವುದು ಒಂದೇ ಸೂಕ್ಷ್ಮದರ್ಶಕ. ಅದರ ಕಣ್ಣಿಗೂ ನನ್ನ ಕಣ್ಣಿನ ಹಾಗೆ ಪೊರೆ ಬಂದರೆ ಮಕ್ಕಳ ಗತಿ ಏನು? ಆಯಮ್ಮನಿಗೆ ಇದನ್ನು ಕಲಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಕಲಿತ ಮೇಲೆ ಮಾತ್ರ ಅವರು ಹಿಂದೆ ನೋಡಿದವರಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಬಟ್ಟೆಯನ್ನೂ ತೊಳೆದು, ತೊಳೆದ ಬಕೆಟ್ಟನ್ನೂ ಉಜ್ಜಿಯೇ ಮನೆಗೆ ಹೋಗುತ್ತಿದ್ದರು.

ಮಕ್ಕಳು ನನ್ನನ್ನು ಆಸಿಡ್ ಮಿಸ್ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ, ಇರಲಿ. ಆಸಿಡ್ ಇರುವ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ, ಅದರಿಂದ ಬಂದ ಹೆಸರು ಎಂದು ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಲ್ಲ, ಅದು ನನ್ನ ನಾಲಿಗೆಗೆ ಇಟ್ಟ ಹೆಸರು.

ಸಂಜೆ ಗಂಟೆ ಹೊಡೆದ ಮೇಲೆ ಮೇಷ್ಟರುಗಳೆಲ್ಲ ಕಾಲಿಗೆ ಬುದ್ಧಿ ಹೇಳುತ್ತಾರೆ. ಅವರಿಗೆ ಮನೆಯಲ್ಲಿ ಕಾಯುವವರಿದ್ದಾರೆ. ನನಗೆ ಕಾಯುವುದು ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆ, ಅದರೊಳಗೆ ಅರ್ಧ ಬ್ರೆಡ್ಡು. ಒಬ್ಬರಿಗೆ ಸಾಕಾಗುವಷ್ಟೇ ಬ್ರೆಡ್ ಮಾಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಅರ್ಧ ಮುಗಿಸುವಷ್ಟರಲ್ಲಿ ಉಳಿದರ್ಧಕ್ಕೆ ಬೂಷ್ಟು ಹಿಡಿದಿರುತ್ತದೆ. ಅದನ್ನು ತರಗತಿಗೆ ತಂದು ಶಿಲೀಂಧ್ರದ ಪಾಠ ಮಾಡುತ್ತೇನೆ. ಪಾಠಕ್ಕೆಂದೇ ಮಿಸ್ ಇಷ್ಟು ಚೆನ್ನಾಗಿ ಬೆಳೆಸಿಕೊಂಡು ಬರುತ್ತಾರೆ ಎಂದು ಮಕ್ಕಳಿಗೆ ಬೆರಗು. ಭಾನುವಾರ ನನ್ನ ಅಕ್ಕ ಫೋನ್ ಮಾಡಿ ತನ್ನ ಮಂಡಿ ನೋವಿನ ವಿಚಾರ ಹೇಳುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯದೆ ಇಡುತ್ತಾಳೆ. ಇಷ್ಟೇ ನನ್ನ ಸಂಸಾರ. ಅಳುವಂಥದ್ದೇನೂ ಅಲ್ಲ, ಆದರೆ ಭಾನುವಾರಗಳು ಉದ್ದ.

ಹಾಗಾಗಿ ನಾನು ಲ್ಯಾಬಿನಲ್ಲೇ ಉಳಿಯುತ್ತಿದ್ದೆ. ಉಳಿಯಲು ಒಂದು ನೆಪ ಬೇಕಿತ್ತು, ಆ ನೆಪವಾಗಿ ಬಂದವಳು ಯಾಕಮ್ಮ.

ಅದು ಅವಳ ಹೆಸರಲ್ಲ. ತರಗತಿಯಲ್ಲಿ ಮಾತು ಮಾತಿಗೂ ಯಾಕೆ ಎಂದು ಕೇಳಿ ಎಲ್ಲರ ತಲೆ ತಿನ್ನುತ್ತಿದ್ದಳು. ಭೂಗೋಳದ ಮೇಷ್ಟರು ಒಂದು ದಿನ ಸಾಕಾಗಿ, "ಕೂತ್ಕೊಳಮ್ಮ ಯಾಕಮ್ಮ" ಅಂದರು. ಅಲ್ಲಿಂದ ಅದೇ ಆಯಿತು. ಅವಳಪ್ಪ ಕ್ಷೌರಿಕ, ಶಾಲೆಯ ಬೀದಿಯ ತುದಿಯಲ್ಲಿ ಎರಡು ಕುರ್ಚಿಯ ಅಂಗಡಿ. ತಾಯಿ ಇರಲಿಲ್ಲ. ಅಂಗಡಿ ಮುಚ್ಚುವ ತನಕ ಅವಳಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಹೀಗೆ ಇಬ್ಬರು ಅವಸರವಿಲ್ಲದವರು ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದೆವು.

ಒಂದು ಸಂಜೆ ಅವಳು ನೀರಿನ ತೊಟ್ಟಿಯ ಗೋಡೆಯಿಂದ ಪುಟ್ಟ ಎಲೆಗಳ ಪಾಚಿಯ ಒಂದು ಚಕ್ಕೆ ಕಿತ್ತು ತಂದು ಮೇಜಿನ ಮೇಲಿಟ್ಟಳು.

"ಮಿಸ್, ತೊಟ್ಟಿ ಒಡೆದು ಎಷ್ಟು ಕಾಲ ಆಯ್ತು. ಅದರಲ್ಲಿ ನೀರೇ ಇಲ್ಲ. ಇದು ಯಾಕೆ ಹಸಿರಾಗಿದೆ?"

"ಇಬ್ಬನಿ ಬೀಳುತ್ತಲ್ಲ, ಅದು ಸಾಕು."

"ಒಳಗಿಟ್ರೆ? ಇಬ್ಬನಿನೂ ಇಲ್ಲ ಅಂದ್ರೆ?"

"ಇಟ್ಟು ನೋಡು. ನನ್ನನ್ನ ಯಾಕೆ ಕೇಳ್ತೀಯ?"

ಇಟ್ಟು ನೋಡಿದಳು. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಗಾಜಿನ ಬಟ್ಟಲುಗಳ ಸಾಲು. ಕೆಲವಕ್ಕೆ ದಿನಾ ನೀರು, ಕೆಲವಕ್ಕೆ ಒಂದು ಹನಿಯೂ ಇಲ್ಲ. ಇನ್ನು ಕೆಲವನ್ನು ಗಾಳಿಯ ತೇವವೂ ತಾಗದ ಹಾಗೆ ತಳದಲ್ಲಿ ತೇವ ಹೀರುವ ಸುಟ್ಟ ಸುಣ್ಣ ಹಾಕಿದ ಬಿಗಿ ಮುಚ್ಚಳದ ಜಾಡಿಯೊಳಗಿಟ್ಟಳು. ತೆರೆದ ಬಟ್ಟಲುಗಳಿಗೆ ಧೂಳು ಬೀಳದಿರಲೆಂದು ಅಪ್ಪನ ಅಂಗಡಿಯಿಂದ ತಂದ ತೆಳ್ಳನೆಯ ಬಿಳಿ ಬಟ್ಟೆ ಹೊದಿಸಿದಳು. ಗಿರಾಕಿಗಳ ಕುತ್ತಿಗೆಗೆ ಸುತ್ತುತ್ತಾರಲ್ಲ, ಆ ಬಟ್ಟೆ. ಆಯಮ್ಮನನ್ನು ಕರೆದು, "ಆಯಮ್ಮ, ಈ ಬಟ್ಟಲು ಮಾತ್ರ ಮುಟ್ಬೇಡಿ" ಎಂದು ಕೈಮುಗಿದು ಹೇಳಿದಳು. ಆಯಮ್ಮ, "ನನಗ್ಯಾಕಮ್ಮ ನಿನ್ನ ಪಾಚಿ ಉಸಾಬರಿ" ಎಂದು ಮೂಗು ಮುರಿದರು.

ಜಾಡಿಯೊಳಗಿನದು ಬೇಗನೆ ಕಂದಾಗಿ ಮುದುಡಿತು. ಆಶ್ಚರ್ಯವೆಂದರೆ, ನೀರು ಹಾಕದ ಬಟ್ಟಲುಗಳದ್ದು ಮುದುಡಲಿಲ್ಲ. ಅಂಚು ಒಣಗಿದರೂ ನಡುವೆ ಹಸಿರು. ವಾರಗಳು ಕಳೆದರೂ ಹಸಿರು. ಕೋಣೆಯ ಗಾಳಿಯಲ್ಲಿರುವ ಅಷ್ಟಿಷ್ಟು ತೇವವನ್ನೇ ಕುಡಿದು ಬದುಕುವ ಪಾಚಿ! ನಾನೂ ಬೆರಗಾದೆ. ಎಷ್ಟೋ ವರ್ಷಗಳಿಂದ ಪಾಠ ಒಪ್ಪಿಸಿ ಒಪ್ಪಿಸಿ ನನ್ನೊಳಗೆ ಒಣಗಿಹೋಗಿದ್ದದ್ದು ಏನೋ ಅಲುಗಾಡಿತು. ದಿನವೂ ಸಂಜೆ ನಾವಿಬ್ಬರೂ ಒಂದೊಂದೇ ಬಟ್ಟೆ ಎತ್ತಿ, ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆಮೇಲೆ ನಾನು ಬರ್ನರಿನ ಮೇಲೆ ಚಹಾ ಮಾಡುತ್ತಿದ್ದೆ. ಲ್ಯಾಬಿನಲ್ಲಿ ತಿನ್ನಬಾರದು ಕುಡಿಯಬಾರದು ಎಂಬ ಕಾನೂನೂ ನನ್ನದೇ. ಅದನ್ನು ಸಂಜೆಯ ಮಟ್ಟಿಗೆ ನಾನೇ ರದ್ದು ಮಾಡಿದ್ದೆ. ಅವಳು ಚಹಾ ಹೀರುತ್ತ ಕೇಳುತ್ತಿದ್ದಳು, ನಾನು ಗೊತ್ತಿದ್ದದ್ದು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನು ಗದರಿ ಮುಚ್ಚುತ್ತಿದ್ದೆ. ಅವಳಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಯುವ ವಿಜ್ಞಾನಿಗಳ ಪ್ರಶಸ್ತಿಗೆ ಕಳಿಸಿದ್ದು ಹೆಡ್ ಮೇಷ್ಟರ ಒತ್ತಾಯಕ್ಕೆ. ಗೆದ್ದ ಮಗುವಿಗೆ ವಿದ್ಯಾರ್ಥಿವೇತನ, ರಾಜಧಾನಿಯ ದೊಡ್ಡ ವಿಜ್ಞಾನ ಶಾಲೆಯಲ್ಲಿ ಓದು, ಅಲ್ಲೇ ಹಾಸ್ಟೆಲ್ಲು. ದಾರಿ ತೋರಿಸಿದ ಶಿಕ್ಷಕರಿಗೂ ಒಂದು ಪ್ರಶಸ್ತಿ. ಬರೆದು ಕಳಿಸಿ ಮರೆತುಬಿಟ್ಟಿದ್ದೆವು. ಒಂದು ಮಧ್ಯಾಹ್ನ ಹೆಡ್ ಮೇಷ್ಟರು ಪಾಠದ ನಡುವೆಯೇ ಓಡಿಬಂದು, ಯಾಕಮ್ಮ ಕೊನೆಯ ಸುತ್ತಿಗೆ ಆಯ್ಕೆಯಾಗಿದ್ದಾಳೆ, ಸಂದರ್ಶನ ಒಂದು ಮುಗಿದರೆ ಆಯಿತು ಎಂದರು. ನನ್ನ ಕೈಕುಲುಕಿದರು. ನನ್ನ ಕೈಯನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೆಂದು ಆಗ ಹೊಳೆಯಿತು.

ಆ ಪ್ರಶಸ್ತಿ ನನಗೆ ಬೇಡವಾಗಿತ್ತು ಎಂದರೆ ಶುದ್ಧ ಸುಳ್ಳು. ಅದೇ ಸಂಜೆ ಕಪಾಟಿನ ಮೇಲಿನ ಒಡಕು ಗ್ಲೋಬನ್ನು ಸರಿಸಿ, ಫಲಕ ಇಡಲು ಜಾಗ ಮಾಡಿದೆ.

ಮನೆಗೆ ಹೋಗುವಾಗ ಅವಳಪ್ಪ ಅಂಗಡಿಯಿಂದ ಬಾಚಣಿಗೆ ಹಿಡಿದುಕೊಂಡೇ ಆಚೆ ಬಂದರು. ಒಳಗೆ ಅರ್ಧ ಕತ್ತರಿಸಿದ ತಲೆಯ ಗಿರಾಕಿ ಕನ್ನಡಿಯಲ್ಲೇ ನಮ್ಮನ್ನು ನೋಡುತ್ತಿದ್ದ.

"ಮಿಸ್, ನಮ್ಮ ಕಡೆ ಯಾರೂ ಇಷ್ಟು ದೂರ ಹೋದೋರಿಲ್ಲ. ಅವಳ ಅಮ್ಮ ಇದ್ದಿದ್ರೆ..." ಬಾಚಣಿಗೆಯನ್ನು ಅಂಗಿಗೆ ಒರೆಸಿದರು. "ನಿಮ್ಮ ಕೈಲಿ ಕೊಟ್ಟಿದೀನಿ. ನೀವೇ ದಡ ಮುಟ್ಟಿಸ್ಬೇಕು."

"ದಡ ಮುಟ್ಟಿಸ್ತೀನಿ, ಹೋಗಿ. ಒಳಗೆ ಆ ಮನುಷ್ಯ ಅರ್ಧ ತಲೆ ಇಟ್ಕೊಂಡು ಕೂತಿದಾನೆ" ಎಂದೆ. ಅವರು ನಕ್ಕು ಒಳಗೆ ಹೋದರು. ನಾನು ನಾಲ್ಕು ಹೆಜ್ಜೆ ಹಾಕಿದ ಮೇಲೆ ನನಗೆ ಅರ್ಥವಾಯಿತು. ದಡ ಮುಟ್ಟಿಸುವುದೆಂದರೆ ಆಚೆ ದಡಕ್ಕೆ. ಈ ದಡದಲ್ಲಿ ನಾನು, ಬರ್ನರು, ಚಹಾದ ಎರಡು ಲೋಟ. ಆ ಸಂಜೆ ಬ್ರೆಡ್ಡಿನ ಪೊಟ್ಟಣ ಬಿಚ್ಚಲೇ ಇಲ್ಲ.

ಸಂದರ್ಶನ ಹತ್ತಿರ ಬಂತು. ಬಟ್ಟಲುಗಳನ್ನು ಜೊತೆಗೆ ಒಯ್ಯಬೇಕಿತ್ತು. ದಾರಿಯಲ್ಲಿ ಒಡೆಯದ ಹಾಗೆ ಕಟ್ಟಲು ಹೊತ್ತು ಬೇಕೆಂದು ನಾನು ಬೆಳಿಗ್ಗೆ ಬೇಗ ಶಾಲೆಗೆ ಹೋದೆ. ಅಷ್ಟು ಬೇಗ ನಾನು ಯಾವತ್ತೂ ಹೋದವಳಲ್ಲ. ಲ್ಯಾಬಿನ ಬಾಗಿಲು ತೆರೆದಿತ್ತು. ಆಯಮ್ಮ ಸಿಂಕಿನ ಮುಂದೆ ನಿಂತು ಏನನ್ನೋ ಹಿಂಡುತ್ತಿದ್ದರು. ಹಿಂಡಿ, ಪಟಪಟ ಕೊಡವಿ, ಒಂದು ಬಟ್ಟಲಿನ ಮೇಲೆ ನೀಟಾಗಿ ಹೊದಿಸಿದರು. ಇನ್ನೊಂದು ಬಟ್ಟೆ ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದರು.

ನಾನು ಹೊಸ್ತಿಲು ದಾಟಿ ಓಡಿದೆ.

"ಆಯಮ್ಮ, ಏನ್ ಮಾಡ್ತಿದೀರ?"

"ಬಟ್ಟೆ ತೊಳೀತಿದೀನಿ ಮಿಸ್. ಬಿಳೀದು ನೋಡಿ, ಒಂದಿನಕ್ಕೇ ಕಪ್ಪಾಗುತ್ತೆ. ಕಿಟಕಿ ಧೂಳು."

"ದಿನಾ ತೊಳೀತೀರಾ?"

"ದಿನಾ. ಶಾಲೆಗೆ ರಜ ಇದ್ರೂ ಬಂದು ತೊಳೆದು ಹೋಗಿದೀನಿ." ಅವರ ದನಿಯಲ್ಲಿ ಹೆಮ್ಮೆಯಿತ್ತು.

"ಮುಟ್ಬೇಡಿ ಅಂತ ಹೇಳಿದ್ಲಲ್ಲ ಅವಳು!"

ಆಯಮ್ಮನ ಮುಖ ಸಣ್ಣದಾಯಿತು. "ಬಟ್ಟಲು ಮುಟ್ಟಿಲ್ಲ ಮಿಸ್. ಬಟ್ಟೆ ತಾನೇ ತೊಳೆದಿದ್ದು. ನೀವೇ ಹೇಳಿದ್ರಲ್ಲ, ಒಣಗಿದ್ದು ಝಾಡಿಸ್ಬೇಡಿ, ಧೂಳು ಏಳುತ್ತೆ ಅಂತ."

ಬೈಯುವುದಾದರೆ ನನ್ನನ್ನೇ ಬೈದುಕೊಳ್ಳಬೇಕಿತ್ತು. ಆ ತೆಳು ಬಟ್ಟೆ ನಾವು ಲ್ಯಾಬಿಗೆ ಬರುವಷ್ಟರಲ್ಲಿ ಒಣಗಿ ಗರಿಗರಿಯಾಗಿರುತ್ತಿತ್ತು. ಅದರ ತೇವವೆಲ್ಲ ಬಟ್ಟಲಿನ ಒಳಗೆ ಇಳಿದಿರುತ್ತಿತ್ತು. ಗಾಳಿಯನ್ನು ಕುಡಿದು ಬದುಕುವ ಪಾಚಿಯೂ ಇಲ್ಲ, ಗೀಚಿಯೂ ಇಲ್ಲ. ಆಯಮ್ಮ ದಿನವೂ ತಮಗೇ ಗೊತ್ತಿಲ್ಲದೆ ಅದಕ್ಕೆ ಒಂದು ಗುಟುಕು ನೀರು ಕುಡಿಸುತ್ತಿದ್ದರು, ಅಷ್ಟೆ.

ಆಗ ನನಗೆ ಮೊದಲು ಏನನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪ್ರಯೋಗ ತಪ್ಪಾಯಿತು, ಇನ್ನು ಅವಳು ಹೋಗುವುದಿಲ್ಲ. ಸಂಜೆಯ ಚಹಾ ಉಳಿಯಿತು. ಅಷ್ಟು ಸಂತೋಷ ನನಗೆ ಆ ವರ್ಷವಿಡೀ ಆಗಿರಲಿಲ್ಲ. ಅದರ ಬೆನ್ನಿಗೇ ನನ್ನ ಮೇಲೆ ನನಗೆ ಹೇಸಿಗೆಯೂ ಆಯಿತು.

ಅಂದು ಪಾಠ ಏನು ಮಾಡಿದೆನೋ ದೇವರಿಗೇ ಗೊತ್ತು. ಹೇಳಿದರೆ ಸತ್ಯ ಹೇಳಿದ ಹೆಸರೂ ನನ್ನದೇ, ಹುಡುಗಿಯೂ ನನ್ನ ಬಳಿಯೇ. ಇಂಥ ಲಾಭದ ಸತ್ಯವನ್ನು ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡರೆ ಅವಳು ಹಾಸ್ಟೆಲ್ಲು ಸೇರುತ್ತಾಳೆ, ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಮೆರೆಯುತ್ತಾರೆ, ಕಪಾಟಿನ ಮೇಲೆ ಫಲಕ ಬರುತ್ತದೆ. ಯಾರಿಗೂ ನಷ್ಟವಿಲ್ಲ. ಒಬ್ಬಂಟಿತನವನ್ನು ನುಂಗಿಕೊಂಡೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬಹುದು. ಒಂದು ದಾರಿಯಲ್ಲಿ ಸತ್ಯದ ಜೊತೆ ಸ್ವಾರ್ಥ, ಇನ್ನೊಂದರಲ್ಲಿ ಸುಳ್ಳಿನ ಜೊತೆ ತ್ಯಾಗ. ಜೀವಮಾನವಿಡೀ ಮಕ್ಕಳಿಗೆ ದ್ರಾವಣ ಬೇರ್ಪಡಿಸುವುದನ್ನು ಕಲಿಸಿದವಳಿಗೆ ಇದನ್ನು ಬೇರ್ಪಡಿಸಲು ಬರಲಿಲ್ಲ.

ಸಂಜೆ ಅವಳು ಕುಣಿದುಕೊಂಡು ಬಂದಳು. ಚಹಾ ಮಾಡಲಿಲ್ಲ ನಾನು. ಕೂರು ಎಂದು ಹೇಳಿ, ಬೆಳಿಗ್ಗೆ ಕಂಡದ್ದನ್ನು ಕಂಡಷ್ಟೇ ಹೇಳಿದೆ.

ಅವಳು ಎದ್ದು ಹೋಗಿ ಒಂದು ಬಟ್ಟೆ ಎತ್ತಿ ಮೂಸಿದಳು. ಕೆನ್ನೆಗೆ ಒತ್ತಿಕೊಂಡಳು. ಒಣಗಿತ್ತು. ಮತ್ತೆ ಬಟ್ಟಲಿನ ಮೇಲೆ ಹಾಕಿ, ನನ್ನ ಕಡೆ ತಿರುಗದೆಯೇ ಕೇಳಿದಳು.

"ನಾನು ಹೋಗೋದು ನಿಮಗೆ ಇಷ್ಟ ಇಲ್ಲ ಅಲ್ವಾ ಮಿಸ್?"

ಮೊದಲ ಸಲ ಅವಳು ಯಾಕೆ ಎಂದು ಕೇಳಲಿಲ್ಲ.

"ಇಷ್ಟ ಇಲ್ಲ" ಎಂದೆ. "ಒಂಚೂರೂ ಇಷ್ಟ ಇಲ್ಲ. ಆದ್ರೂ ಬಟ್ಟೆ ಒದ್ದೆಯಾಗೇ ಇತ್ತು."

ಅವಳು ಚೀಲ ತೆಗೆದುಕೊಂಡು ಹೋದಳು. ಬಾಗಿಲು ದಡಾರನೆ ಹಾಕಲಿಲ್ಲ, ಮೆಲ್ಲಗೆ ಎಳೆದುಕೊಂಡಳು. ದಡಾರನೆ ಹಾಕಿದ್ದರೆ ವಾಸಿಯಿತ್ತು.

ಸಂದರ್ಶನದ ದಿನ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಅವಳಪ್ಪ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ನಿಲ್ದಾಣದ ತನಕ ಬಂದು ಕೈಬೀಸಿದ್ದರು. ಅವರಿಗೆ ಅವಳು ಏನೂ ಹೇಳಿರಲಿಲ್ಲ, ಅದು ಅವರ ನಗು ನೋಡಿದ ಕೂಡಲೇ ಗೊತ್ತಾಯಿತು. ಬಟ್ಟಲುಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು, "ಪೆಟ್ಟಿಗೆ ಕೊಡಿ, ನಾನು ಹಿಡ್ಕೋತೀನಿ." ಅವಳು ಒಳಗೆ ಏನು ಹೇಳುತ್ತಾಳೆ ಎಂದು ನಾನು ಕೇಳಲಿಲ್ಲ. ಹೀಗೇ ಹೇಳು ಎಂದೂ ಹೇಳಲಿಲ್ಲ. ಹೇಳಿಕೊಡುವ ಕಸುಬಿನವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು. ನಡುವೆ ಕೂತವರು ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ ಒಬ್ಬ ಮಹಿಳಾ ವಿಜ್ಞಾನಿ. ಶಿಕ್ಷಕರು ಹಿಂದಿನ ಕುರ್ಚಿಯಲ್ಲಿ ಕೂರಬಹುದು, ತುಟಿ ಬಿಚ್ಚುವಂತಿಲ್ಲ ಎಂದು ಮೊದಲೇ ಹೇಳಿದ್ದರು. ನನಗೆ ಕಾಣುತ್ತಿದ್ದದ್ದು ಯಾಕಮ್ಮನ ಜಡೆ ಮಾತ್ರ.

"ನಿಮ್ಮ ಪಾಚಿ ಗಾಳಿಯ ತೇವದಲ್ಲೇ ಬದುಕುತ್ತೆ ಅಂತ ಬರೆದಿದ್ದೀರಿ" ಎಂದರು ಆ ವಿಜ್ಞಾನಿ. "ನಮಗೆಲ್ಲ ತುಂಬ ಇಷ್ಟ ಆಯ್ತು. ಹೇಳಿ."

ಯಾಕಮ್ಮ ಪೆಟ್ಟಿಗೆ ತೆರೆದು ಬಟ್ಟಲು ಮೇಜಿನ ಮೇಲಿಟ್ಟಳು. ಅದರ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು.

"ಅದು ತಪ್ಪು ಮೇಡಂ."

ಒಬ್ಬರು ಪೆನ್ನು ಕೆಳಗಿಟ್ಟರು.

"ಈ ಬಟ್ಟೆ ದಿನಾ ಬೆಳಿಗ್ಗೆ ಒದ್ದೆ ಆಗ್ತಿತ್ತು. ನನಗೆ ಗೊತ್ತಿರ್ಲಿಲ್ಲ. ನಾನು ಬಟ್ಟಲು ನೋಡಿದೆ, ಬಟ್ಟೆ ನೋಡ್ಲಿಲ್ಲ."

"ಯಾರು ಕಂಡುಹಿಡಿದಿದ್ದು?"

"ನಮ್ಮ ಮಿಸ್." ಜಡೆ ಸ್ವಲ್ಪ ಅಲುಗಿತು, ತಿರುಗಲಿಲ್ಲ. "ಅವರಿಗೆ ಹೇಳೋಕೆ ಇಷ್ಟ ಇರ್ಲಿಲ್ಲ. ಅಂದ್ರೆ, ಇಷ್ಟ ಇತ್ತು, ಅದಕ್ಕೇ ಇಷ್ಟ ಇರ್ಲಿಲ್ಲ. ಅದು ಬಿಡಿ ಮೇಡಂ, ನಿಮಗೆ ಅರ್ಥ ಆಗಲ್ಲ."

ಆ ವಿಜ್ಞಾನಿ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಫ್ಯಾನಿನ ಸ್ವಿಚ್ಚುಗಳನ್ನು ನೋಡಿದೆ. ನನ್ನನ್ನು ಅಷ್ಟು ಸರಿಯಾಗಿ ಓದಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ.

"ಹಾಗಾದ್ರೆ ಈಗ ನಿಮಗೆ ಗೊತ್ತಿರೋದೇನು?"

"ಏನೂ ಗೊತ್ತಿಲ್ಲ ಮೇಡಂ. ಹೊಸದಾಗಿ ಮಾಡ್ಬೇಕು. ಪೂರ್ತಿ ಒಣಗಿಸಿ ಇಡ್ಬೇಕು. ಎಷ್ಟು ಕಾಲ ಬಿಟ್ಟು ನೀರು ಹಾಕಿದ್ರೆ ಮತ್ತೆ ಎದ್ದೇಳುತ್ತೆ, ಎಷ್ಟರ ಮೇಲೆ ಏಳಲ್ಲ, ಅದು ನೋಡ್ಬೇಕು."

ಪ್ರಶಸ್ತಿ ಬರಲಿಲ್ಲ. ತಪ್ಪೊಪ್ಪಿಕೊಂಡರೆ ಅಲ್ಲೇ ಹಾರ ಹಾಕುತ್ತಾರೆ ಎಂಬುದೆಲ್ಲ ಮಕ್ಕಳ ನೀತಿಕಥೆಯಲ್ಲಿ. ಹೆಡ್ ಮೇಷ್ಟರು ನನ್ನ ಜೊತೆ ಮಾತು ಬಿಟ್ಟರು. ಕ್ಷೌರದಂಗಡಿಯ ಮುಂದೆ ನಾನು ತಲೆ ತಗ್ಗಿಸಿಕೊಂಡು ಓಡಾಡಿದೆ. ಗ್ಲೋಬು ತನ್ನ ಜಾಗಕ್ಕೆ ಮರಳಿತು. ಯಾಕಮ್ಮ ಸಂಜೆ ಬರುವುದನ್ನು ನಿಲ್ಲಿಸಿದ್ದಳು. ಅವಳು ಇಲ್ಲೇ ಇದ್ದಳು, ಆದರೂ ನನಗೆ ಸಿಗಲಿಲ್ಲ. ನಾನು ಎರಡು ಲೋಟ ತೊಳೆದು ಒಂದನ್ನು ಬೋರಲು ಹಾಕುತ್ತಿದ್ದೆ.

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಆಯ್ಕೆಯಾಗಿದ್ದ ಯಾರೋ ಒಂದು ಮಗು ಬರುವುದಿಲ್ಲ ಎಂದಿತ್ತಂತೆ. ಆ ಜಾಗಕ್ಕೆ ಯಾಕಮ್ಮನನ್ನು ಕಳಿಸಿ ಎಂದು ಹೇಳಿದವರು ಆ ಬಿಳಿ ಕೂದಲಿನ ವಿಜ್ಞಾನಿಯಂತೆ. ಪ್ರಶಸ್ತಿಯಿಲ್ಲದೆ ಬರಿಯ ವಿದ್ಯಾರ್ಥಿವೇತನ. ನನ್ನ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಹೊರಡುವ ಮುನ್ನಾದಿನ ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತೊಟ್ಟಿಯ ಗೋಡೆಯ ಪಾಚಿ.

"ಚಹಾ ಇದೆಯಾ ಮಿಸ್?"

ನಾನು ಬೋರಲು ಹಾಕಿದ್ದ ಲೋಟ ಎತ್ತಿದೆ. ಅವಳು ಪಾಚಿಯನ್ನು ಹೊಸ ಬಟ್ಟಲಿಗೆ ಹಾಕಿ, ಹೊಸ ಬಟ್ಟೆ ಹೊದಿಸಿದಳು. ಆಯಮ್ಮನನ್ನು ಕರೆಸಿ, "ಬಟ್ಟಲೂ ಮುಟ್ಬೇಡಿ, ಬಟ್ಟೇನೂ ಮುಟ್ಬೇಡಿ, ಆ ಕಟ್ಟೆ ಕಡೆ ತಿರುಗೂ ನೋಡ್ಬೇಡಿ" ಎಂದಳು. ಆಯಮ್ಮ ಕಣ್ಣೊರೆಸಿಕೊಂಡು, "ಆಯ್ತು ನನ್ನವ್ವ" ಅಂದರು.

"ಮಿಸ್, ನಾನು ಹೇಳೋ ತನಕ ನೀರು ಹಾಕ್ಬೇಡಿ. ವಾರ ವಾರ ಫೋನ್ ಮಾಡಿ ಕೇಳ್ತೀನಿ."

"ಕೇಳು."

"ಕೋಪ ಹೋಯ್ತು ನಂಗೆ."

"ನನಗೇನೂ ನಿನ್ನ ಕೋಪದ ಭಯ ಇರ್ಲಿಲ್ಲ, ಹೋಗೆ" ಎಂದು ಗದರಿದೆ. ಅವಳು ನಕ್ಕಳು. ವ್ಯತ್ಯಾಸ ಗೊತ್ತಿದ್ದವಳು.

ಮೊದಮೊದಲು ಭಾನುವಾರ ತಪ್ಪದೆ ಫೋನ್ ಬರುತ್ತಿತ್ತು. ಅಕ್ಕನ ಮಂಡಿ ನೋವು ಮುಗಿದ ಮೇಲೆ ಯಾಕಮ್ಮ. ಬಟ್ಟಲು ಹೇಗಿದೆ ಎಂದೇ ಮಾತು ಶುರು. ಅಂಚು ಮುದುಡಿದೆ ಎಂದೆ. ನಡುವೆಯೂ ಮುದುಡಿದೆ ಎಂದೆ. ಪೂರ್ತಿ ಕಂದಾಗಿದೆ, ಮುಟ್ಟಿದರೆ ಪುಡಿಯಾಗುವ ಹಾಗಿದೆ ಎಂದೆ. "ಇನ್ನೂ ಬಿಡಿ ಮಿಸ್" ಎನ್ನುತ್ತಿದ್ದಳು. ಆಮೇಲೆ ಹಾಸ್ಟೆಲ್ಲು, ಹೊಸ ಗೆಳತಿಯರು, ಅಲ್ಲಿನ ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೂಕ್ಷ್ಮದರ್ಶಕ ಇರುವ ವಿಷಯ. ಅವಳು ಮಾತಾಡುತ್ತಿದ್ದಷ್ಟು ಹೊತ್ತು ನನ್ನ ಕೋಣೆ ದೊಡ್ಡದಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಮೊದಲು ಹೋಗಿ ನೋಡುತ್ತಿದ್ದದ್ದು ಆ ಬಟ್ಟಲನ್ನೇ, ಮುಂದಿನ ಭಾನುವಾರ ಹೇಳಲು ಏನಾದರೂ ಸಿಗಲಿ ಎಂದು.

ಫೋನು ಒಂದು ವಾರ ತಪ್ಪಿತು. ಪರೀಕ್ಷೆ ಇರಬೇಕು. ಆಮೇಲೆ ವಾರ ಬಿಟ್ಟು ವಾರ. ಆಮೇಲೆ ಬರುವುದೇ ಅಪರೂಪವಾಯಿತು. ನಾನೇ ಮಾಡಬಹುದಿತ್ತು. ಮಾಡಿ ಏನೆಂದು ಹೇಳಲಿ? ಒಣಗಿದ ಪಾಚಿ ಇನ್ನೂ ಒಣಗಿಯೇ ಇದೆ ಎಂದೇ? ಆಯಮ್ಮ ದಿನಕ್ಕೊಂದು ಸಲ ಬಾಗಿಲಲ್ಲೇ ನಿಂತು, "ಸತ್ತೋಯ್ತು ಮಿಸ್ ಅದು, ಬಿಸಾಕ್ಲಾ?" ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದೆ. ನೀರು ಹಾಕಿದರೆ ಒಂದೋ ಏಳುತ್ತದೆ, ಇಲ್ಲವೋ ಏಳುವುದಿಲ್ಲ. ಎರಡರಲ್ಲಿ ಯಾವುದಾದರೂ ಪ್ರಯೋಗ ಮುಗಿಯಿತು. ಮುಗಿದ ಮೇಲೆ ಅವಳು ಕೇಳಲು ಏನೂ ಉಳಿಯುವುದಿಲ್ಲ.

ಕೊನೆಗೂ ಒಂದು ಸಂಜೆ, ನಾನು ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ, ಫೋನ್ ಬಂತು. ಹಿಂದೆ ಹುಡುಗಿಯರ ಗಲಾಟೆ.

"ಮಿಸ್! ಹೇಗಿದೀರಾ? ನಿಮ್ಮ ಕಥೆ ಇಲ್ಲಿ ಎಲ್ರಿಗೂ ಗೊತ್ತು. ಒದ್ದೆ ಬಟ್ಟೆ, ಆಯಮ್ಮ, ಎಲ್ಲ. ಮೊನ್ನೆ ನಮ್ಮ ಸರ್ ಪಾಠದಲ್ಲೇ ಹೇಳಿದ್ರು."

"ಹೌದಾ" ಎಂದೆ. "ಬಟ್ಟಲು ಹಾಗೇ ಇದೆ. ಈಗ ನೀರು..."

"ಅಯ್ಯೋ, ಇನ್ನೂ ಇಟ್ಕೊಂಡಿದೀರಾ ಮಿಸ್?" ಅವಳ ದನಿಯಲ್ಲಿ ನಿಜವಾದ ಅಚ್ಚರಿ. "ಅದು ನಾವು ಇಲ್ಲಿ ಆವಾಗ್ಲೇ ಮಾಡಿ ನೋಡಿದ್ವಿ. ಇಲ್ಲಿನ ಕಪಾಟಲ್ಲಿ ಎಷ್ಟೋ ವರ್ಷದಿಂದ ಒಣಗಿಸಿಟ್ಟಿದ್ದೂ ಎದ್ದುಬಿಡ್ತು ಮಿಸ್! ನಿಮಗೆ ಹೇಳೋದು ಮರೆತೇಹೋಯ್ತು. ಹಾಕಿಬಿಡಿ ನೀರು. ಮಿಸ್, ಕರೀತಿದಾರೆ, ಆಮೇಲೆ ಮಾಡ್ತೀನಿ, ಆಯ್ತಾ?"

ಆಯಿತು ಎಂದೆ. ಅಷ್ಟರಲ್ಲಿ ಅವಳು ಇಟ್ಟಿದ್ದಳು.

ಅವಳ ತಪ್ಪೇನೂ ಇಲ್ಲ. ಆಚೆ ದಡ ಮುಟ್ಟಿದವರು ಮುಂದೆ ನಡೆಯಬೇಕು, ನಿಂತು ಕೈಬೀಸುತ್ತಿರಲಾಗುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಜೋರಾಗಿ ಅಳಬೇಕೆನಿಸಿತು, ಅತ್ತೆ.

ಆಮೇಲೆ ಮೂಗು ಒರೆಸಿಕೊಂಡು ಲೋಟದಲ್ಲಿ ನೀರು ತಂದೆ. ಬಟ್ಟೆ ಸರಿಸಿ ನೀರು ಚಿಮುಕಿಸಿದೆ. ಕಂದು ಪುಡಿಯಂತಿದ್ದದ್ದು ಕಪ್ಪಾಯಿತು, ಅಲುಗಿತು. ಮುದುಡಿದ್ದ ಎಲೆಗಳು ನನ್ನ ಕಣ್ಣೆದುರಿಗೇ ಒಂದೊಂದಾಗಿ ಬಿಚ್ಚಿಕೊಂಡವು. ಚಹಾ ಕುದಿಯುವಷ್ಟರಲ್ಲಿ ಬಟ್ಟಲಿನ ತುಂಬ ಹಸಿರು. "ಯಾಕಮ್ಮ, ನೋಡೇ!" ಎಂದು ಕೂಗಿಯೇಬಿಟ್ಟೆ.

ಕೂಗಿಗೆ ಬಂದವರು ಆಯಮ್ಮ. ಬಕೆಟ್ಟು ಕೆಳಗಿಟ್ಟು ಬಗ್ಗಿ ನೋಡಿದರು.

"ಬದುಕಿತ್ತಾ ಇದು! ಮತ್ಯಾಕೆ ಮಿಸ್ ಇಷ್ಟು ದಿನ ಒಂದು ಹನಿ ನೀರು ಹಾಕ್ಲಿಲ್ಲ?"

"ಒಣಗಿರೋ ತನಕ ಅವಳ ಫೋನ್ ಬರ್ತಿತ್ತು ಆಯಮ್ಮ."

ಅವರು ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. ಬಕೆಟ್ಟು ಎತ್ತಿಕೊಂಡು ಹೋದರು.

ಮರುದಿನ ನಾನು ಬೇಗ ಎದ್ದು, ಆಯಮ್ಮ ಬರುವ ಮೊದಲೇ ಶಾಲೆಗೆ ಹೋದೆ. ಬಟ್ಟಲಿನ ಮೇಲಿದ್ದ ಬಿಳಿ ಬಟ್ಟೆಯನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದೆ. ಹಿಂಡಿದೆ, ಪಟಪಟ ಕೊಡವಿದೆ, ಒದ್ದೆಯದನ್ನೇ ಮತ್ತೆ ಹೊದಿಸಿದೆ. ಈಗ ದಿನವೂ ಅದೇ ಮಾಡುತ್ತೇನೆ. ಶಾಲೆಗೆ ರಜ ಇದ್ದರೂ ಬಂದು ಮಾಡಿ ಹೋಗುತ್ತೇನೆ.